ಏಳನೆಯದು ನಾಯಿ

ಕೊಪ್ಪಳ ಸೀಮೆಯ ನಮ್ಮಂಥವರಿಗೆ ಹಿಮ ಅಂದರೆ ಕ್ಯಾಲೆಂಡರಿನ ಚಿತ್ರ. ನಾಯಿಯೊಂದಿಗೆ ಹಿಮಾಲಯ ಹತ್ತುತ್ತಿರುವ ಧರ್ಮರಾಯನನ್ನು ನಾನು ಮೊದಲು ಕಂಡದ್ದು ಯಲಬುರ್ಗಾದ ಕಿರಾಣಿ ಅಂಗಡಿಯೊಂದರ ಗೋಡೆಯ ಮೇಲೆ. ಸುತ್ತೆಲ್ಲ ಬಿಳುಪು, ನಡುವೆ ಕೋಲು ಹಿಡಿದ ಮುದುಕ, ಹಿಂದೊಂದು ಕಂದು ನಾಯಿ. ಊರಿನ ಪುರಾಣದಲ್ಲಿ ಈ ಕಥೆ ಬಂದೇ ಬರುತ್ತದೆಂದು ಕಾದೆ. ಬರಲಿಲ್ಲ. ಪಕ್ಕದ ಗದುಗಿನ ಕುಮಾರವ್ಯಾಸ ಗದಾಪರ್ವಕ್ಕೇ, ಅಂದರೆ ಹತ್ತನೆಯ ಪರ್ವಕ್ಕೇ ಭಾರತವನ್ನು ನಿಲ್ಲಿಸಿದ್ದಾನೆಂದು ಆಗ ಗೊತ್ತಿರಲಿಲ್ಲ. ಮುಂದಿನ ಪರ್ವಗಳನ್ನು ಬರೆದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಆ ರಾಯನ ರಾಜಧಾನಿ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಸಿಗುತ್ತದೆ. ಕವಿಯನ್ನು ಮಾತ್ರ ನಮ್ಮ ಕಡೆ ಯಾರೂ ಓದಿಸಿದ್ದು ಕಾಣೆ. ಕೊನೆಗೆ ಆ ನಾಯಿ ನನಗೆ ಸಿಕ್ಕಿದ್ದು ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ದಲ್ಲಿ.

ವ್ಯಾಸರ ಮಹಾಪ್ರಸ್ಥಾನಿಕ ಪರ್ವ ಬಹಳ ಚಿಕ್ಕದು, ಪರಿಷ್ಕೃತ ಪಾಠದಲ್ಲಿ ಮೂರೇ ಅಧ್ಯಾಯ. ಹೊರಟವರು ಐವರು ಪಾಂಡವರು, ದ್ರೌಪದಿ, ಏಳನೆಯದು ನಾಯಿ. ಕ್ಯಾಲೆಂಡರಿನ ಬಿಳುಪನ್ನು ಹುಡುಕಿದವರಿಗೆ ಅಲ್ಲಿ ನಿರಾಶೆಯೇ. ಹಿಮವಂತವನ್ನು ದಾಟಿದರೆ ಮರಳಿನ ಕಡಲು, ಅದರಾಚೆ ಮೇರು. ಮರಗಟ್ಟುವ ಬೆರಳಿಲ್ಲ, ಏದುಸಿರಿಲ್ಲ. ನಾಯಿಗೆ ಬಣ್ಣವಿಲ್ಲ, ಹೆಸರೂ ಇಲ್ಲ. ಇದನ್ನು ನಾಯಿಯ ನಿಯತ್ತಿನ ಕಥೆ ಎಂದು ಮಕ್ಕಳ ಪುಸ್ತಕಗಳು ಹೇಳುತ್ತವೆ. ನನಗೆ ಹಾಗನ್ನಿಸುವುದಿಲ್ಲ. ನಾಯಿ ಹಿಂದೆ ಬರುತ್ತದೆ, ಅಷ್ಟೆ. ಕಥೆ ಇರುವುದು ಮುಂದೆ ನಡೆಯುವವನಲ್ಲಿ.

ದ್ರೌಪದಿ ಬೀಳುತ್ತಾಳೆ, ಆಮೇಲೆ ಸಹದೇವ, ನಕುಲ, ಅರ್ಜುನ. ಪ್ರತಿ ಸಲ ಭೀಮ ಕಾರಣ ಕೇಳುತ್ತಾನೆ. ಧರ್ಮರಾಯ ಬಿದ್ದವರ ಒಂದೊಂದು ತಪ್ಪು ಹೇಳಿ ಮುಂದೆ ನಡೆಯುತ್ತಾನೆ. ಕಡೆಗೆ ಭೀಮನೇ ಬೀಳುತ್ತಾನೆ. ಬಿದ್ದಲ್ಲಿಂದಲೇ ಅಣ್ಣನನ್ನು ಕೂಗಿ, ನಾನೇಕೆ ಬಿದ್ದೆ ಎಂದು ಕೇಳುತ್ತಾನೆ. ಅತಿಯಾಗಿ ಉಂಡೆ, ನಿನ್ನ ಬಲವನ್ನು ನೀನೇ ಹೊಗಳಿಕೊಂಡೆ ಎಂದು ಹೇಳಿದ ಅಣ್ಣ ತಿರುಗಿ ನೋಡದೆ ಹೋಗುತ್ತಾನೆ.

ಮುಂದೆ ಇಂದ್ರನ ರಥ ಬರುತ್ತದೆ. ನಾಯಿ ಬಿಟ್ಟು ಹತ್ತು ಎಂಬ ಮಾತಿಗೆ ಧರ್ಮರಾಯ ಒಪ್ಪುವುದಿಲ್ಲ. ತಮ್ಮಂದಿರನ್ನೂ ಹೆಂಡತಿಯನ್ನೂ ಬಿಟ್ಟು ಬಂದವನು ಈ ನಾಯಿಯನ್ನು ಬಿಡಲಾರೆಯಾ ಎಂದು ಇಂದ್ರ ಚುಚ್ಚುತ್ತಾನೆ. ಅವರು ಸತ್ತಿದ್ದರು, ಬದುಕಿಸುವುದು ನನ್ನ ಕೈಯಲ್ಲಿರಲಿಲ್ಲ, ಬದುಕಿದ್ದಾಗ ಬಿಟ್ಟವನಲ್ಲ ಎಂಬುದು ಇವನ ಉತ್ತರ. ಹಾಗಾದರೆ ನೆಲದ ಮೇಲಿಂದ ಕೂಗಿದ ಭೀಮ? ಅವನಿಗೆ ಆಗ ಜೀವವಿತ್ತಲ್ಲ! ‘ಅಶ್ವತ್ಥಾಮ ಸತ್ತ’ ಎಂದಿದ್ದ ನಾಲಿಗೆ ಇಲ್ಲೂ ಪೂರ್ತಿ ನೇರವಾಗಿಲ್ಲ ಎಂದೇ ನನ್ನ ಓದು. ನಾಯಿಗಾಗಿ ಸ್ವರ್ಗವನ್ನೇ ಬೇಡವೆನ್ನುವ ಆ ಹಟದಲ್ಲಿ ಬರೀ ಧರ್ಮಸೂಕ್ಷ್ಮ ಇಲ್ಲ. ಭೀಮನ ಕಡೆಗೆ ತಿರುಗದ ಕುತ್ತಿಗೆಯ ನೋವೂ ಇದೆ. ವ್ಯಾಸರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಓದುಗನಿಗೆ ಬಿಟ್ಟಿದ್ದಾರೆ.

ಅದಕ್ಕೇ ನಾಯಿ ಧರ್ಮದೇವತೆಯಾಗಿ ನಿಂತಾಗ ನನಗೆ ಏನೋ ಕಳೆದುಹೋದಂತಾಗುತ್ತದೆ. ಎಲ್ಲ ಪರೀಕ್ಷೆಯಾಗಿತ್ತು ಎಂದು ದೇವತೆ ಹೇಳಿ, ಬೆನ್ನು ತಟ್ಟಿ, ಲೆಕ್ಕ ಚುಕ್ತಾ ಮಾಡಿಬಿಡುತ್ತದೆ. ಅಷ್ಟು ದೂರ ನಡೆದು ಬಂದ ಪ್ರಾಣಿ ಎಲ್ಲಿ ಹೋಯಿತು?

ಕನ್ನಡದಲ್ಲಿ ಆ ಪ್ರಾಣಿಯನ್ನು ಪ್ರಾಣಿಯಾಗಿಯೇ ಉಳಿಸಿಕೊಂಡ ಕೃತಿ ನನ್ನ ಮಟ್ಟಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಅಲ್ಲಿ ಹಿಮವಿಲ್ಲ, ಮಳೆ, ಜಿಗಣೆ, ಕಾಡುಗುಡ್ಡದ ಕಾಲುದಾರಿ. ನಡೆಯುವವನು ಚಕ್ರವರ್ತಿಯಲ್ಲ, ಜೀತದಾಳು ಗುತ್ತಿ. ಜತೆಗಿರುವ ಹುಲಿಯನಿಂದಾಗಿ ಜನ ಅವನನ್ನು ನಾಯಿಗುತ್ತಿ ಎಂದೇ ಕರೆಯುತ್ತಾರೆ. ಹುಲಿಯನಿಗೆ ಮೈ ಇದೆ, ಮೂಗಿದೆ, ಸಿಟ್ಟಿದೆ. ಧರ್ಮರಾಯನಿಗೆ ‘ಬಿಡಲಾರೆ’ ಎನ್ನುವುದಕ್ಕೆ ಎದುರಿಗೊಬ್ಬ ದೇವರಾಜನಾದರೂ ನಿಂತಿದ್ದ. ಗುತ್ತಿಯ ಮಾತು ಕೇಳಲು ಯಾರೂ ಇಲ್ಲ. ತುಂಬಿ ಹರಿಯುವ ತುಂಗೆ ಹುಲಿಯನನ್ನು ಎಳೆದುಕೊಂಡು ಹೋಗುತ್ತದೆ. ನೀರಿನಿಂದ ಯಾವ ದೇವತೆಯೂ ಎದ್ದು ಬರುವುದಿಲ್ಲ.