ಮಾಯದ ಗಿಡಗಳ ಕಟ್ಟಳೆ: ಕನ್ನಡ ಕಥನದ ಕಲ್ಪಿತ ಸಸ್ಯಲೋಕವನ್ನು ಕುರಿತು

ಅದ್ಭುತ ಕಥನವೊಂದು ತನ್ನದೇ ಲೋಕವನ್ನು ಕಟ್ಟಿಕೊಳ್ಳುವಾಗ ಅಲ್ಲಿನ ರಾಜರು, ರಾಕ್ಷಸರು, ಹಾರುವ ಕುದುರೆಗಳು ವಿಮರ್ಶಕರ ಗಮನ ಸೆಳೆದಷ್ಟು ಸುಲಭವಾಗಿ ಅಲ್ಲಿನ ಗಿಡಮರಗಳು ಸೆಳೆಯುವುದಿಲ್ಲ. ಗಿಡ ನಿಂತಲ್ಲೇ ನಿಂತಿರುವುದರಿಂದ ಅದನ್ನು ಹಿನ್ನೆಲೆಯ ಪರದೆಯೆಂದು ಭಾವಿಸುವುದು ರೂಢಿ. ಆದರೆ ಕನ್ನಡದ ಕಥನ ಪರಂಪರೆಯಲ್ಲಿ ಮಾಯದ ಗಿಡ ಒಂದು ಪಾತ್ರವೇ ಆಗಿದೆ. ಅದಕ್ಕೊಂದು ಕಟ್ಟಳೆಯಿದೆ, ಕಟ್ಟಳೆ ತಪ್ಪಿದರೆ ಯಾರಾದರೊಬ್ಬರು ಅದರ ಬೆಲೆ ತೆರಬೇಕಾಗುತ್ತದೆ. ಇಂದು ಕನ್ನಡದಲ್ಲಿ ಕಲ್ಪಿತ ಲೋಕಗಳನ್ನು ಕಟ್ಟಲು ಹೊರಟವರು ಈ ಕಟ್ಟಳೆಯನ್ನು ಬಿಟ್ಟು ಗಿಡದ ಬೆರಗನ್ನಷ್ಟೇ ಎತ್ತಿಕೊಂಡರೆ ಕಳೆದುಕೊಳ್ಳುವುದೇನು ಎಂಬುದು ಪ್ರಸ್ತುತ ಪ್ರಬಂಧದ ಪ್ರಶ್ನೆ. ಅದನ್ನು ಶ್ರೀನಿವಾಸಪುರದ ಕಡೆಯಿಂದ ಕೇಳುವುದಕ್ಕೆ ಕಾರಣವಿದೆ. ಅದು ಮುಂದೆ ಬರುತ್ತದೆ.

ಕಲ್ಪಿತ ಸಸ್ಯಗಳ ಬಹು ವ್ಯವಸ್ಥಿತವಾದ ವರ್ಗೀಕರಣ ನಮಗೆ ದೊರೆಯುವುದು ಜೈನ ಪುರಾಣಗಳಲ್ಲಿ. ಭೋಗಭೂಮಿಯಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು. ಉಣಿಸು ಕೊಡುವುದು ಭೋಜನಾಂಗ, ಉಣ್ಣುವ ಪಾತ್ರೆ ಕೊಡುವುದು ಭಾಜನಾಂಗ. ಬಟ್ಟೆಗೆ ವಸ್ತ್ರಾಂಗ, ವಾದ್ಯಕ್ಕೆ ತೂರ್ಯಾಂಗ, ಮನೆಗೆ ಗೃಹಾಂಗ, ಬೆಳಕಿಗೆ ಜ್ಯೋತಿರಂಗ, ಹೀಗೆ. ಅನ್ನಕ್ಕೊಂದು ಮರ, ತಟ್ಟೆಗೆ ಇನ್ನೊಂದು ಮರ ಎಂದು ವಿಂಗಡಿಸಿದವರು ಮನೆವಾರ್ತೆ ಬಲ್ಲವರೇ ಇರಬೇಕು. ಆದರೆ ಈ ಕಲ್ಪನೆಯ ಹಿರಿಮೆ ಪಟ್ಟಿಯಲ್ಲಿಲ್ಲ. ಜಿನಸೇನರ ಸಂಸ್ಕೃತ ಪುರಾಣವನ್ನು ಅನುಸರಿಸಿ ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದ ಲೋಕದಲ್ಲಿ ಈ ಮರಗಳು ಕಾಲಕ್ರಮದಲ್ಲಿ ಕ್ಷೀಣಿಸುತ್ತವೆ. ಕಂಗೆಟ್ಟ ಜನ ನಾಭಿರಾಜನ ಬಳಿಗೆ ಬರುತ್ತಾರೆ. ಮುಂದೆ ವೃಷಭನಾಥನು ಕೃಷಿಯೇ ಮೊದಲಾದ ಆರು ವೃತ್ತಿಗಳನ್ನು ಕಲಿಸುತ್ತಾನೆ. ಮಾಯದ ಮರ ಬತ್ತಿದ ಎಡೆಯಿಂದಲೇ ನೇಗಿಲು ಆರಂಭವಾಗುತ್ತದೆ. ದುಡಿಮೆಯನ್ನು ಬೇಡದ ಮರ ಮನುಷ್ಯರ ಚರಿತ್ರೆಗೆ ಒದಗುವುದಿಲ್ಲ ಎಂಬ ತಿಳಿವಳಿಕೆ ಈ ಕಲ್ಪನೆಯ ಒಳಗೇ ಇದೆ.

ಜನಪದ ಕತೆ ಇದೇ ತಿಳಿವಳಿಕೆಯನ್ನು ಬೇರೊಂದು ದಾರಿಯಿಂದ ಮುಟ್ಟುತ್ತದೆ. ಎ.ಕೆ. ರಾಮಾನುಜನ್ ಅವರು ಕನ್ನಡದಿಂದ ಸಂಗ್ರಹಿಸಿ ಇಂಗ್ಲಿಷಿಗೆ ತಂದ, ಅವರ ಮರಣಾನಂತರ 1997ರಲ್ಲಿ ಪ್ರಕಟವಾದ ಸಂಕಲನಕ್ಕೆ ಹೆಸರು ಕೊಟ್ಟ ಕತೆ, ಹೂಮರವಾಗುವ ಹುಡುಗಿಯದು. ಬಡತಾಯಿಯ ಕಿರಿಮಗಳು ಅಕ್ಕನಿಂದ ಎರಡು ಕೊಡ ನೀರು ತರಿಸುತ್ತಾಳೆ. ಒಂದನ್ನು ಸುರಿದರೆ ಮರವಾಗುತ್ತಾಳೆ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ನೀರಿಗೆ ಉಗುರು ತಾಗಬಾರದು, ಹೂ ಬಿಡಿಸುವಾಗ ರೆಂಬೆ ಮುರಿಯಬಾರದು. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಅವನ ತಂಗಿ ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗೆಂದು ಪೀಡಿಸುತ್ತಾಳೆ. ಆ ಹುಡುಗಿಯರು ಹೂವನ್ನು ಕಿತ್ತು, ಕೊಂಬೆ ಮುರಿದು, ಎರಡನೆಯ ಕೊಡವನ್ನು ಹೇಗೋ ಚೆಲ್ಲಿ ಹೋಗುತ್ತಾರೆ. ಉಳಿಯುವುದು ಕೈಕಾಲಿಲ್ಲದ, ಇತ್ತ ಮರವೂ ಅಲ್ಲದ ಅತ್ತ ಹೆಣ್ಣೂ ಅಲ್ಲದ ಒಂದು ಮೊಂಡು ದೇಹ.

ರಾಮಾನುಜನ್ ಈ ಕತೆಯನ್ನು ಹೆಣ್ಣಿನ ಕತೆಯೆಂದು ಓದಿದರು; ಅವರ ಒತ್ತು ಹೆಣ್ಣಿನ ಸೃಜನಶೀಲತೆ ಮತ್ತು ಅದರ ಎಳಸುತನದ ಮೇಲಿದೆ. 1992ರ ‘ಚೆಲುವಿ’ ಚಲನಚಿತ್ರದಲ್ಲಿ ಗಿರೀಶ ಕಾರ್ನಾಡರು ಅದನ್ನು ಪ್ರಕೃತಿಯ ವಿನಾಶದ ಕಡೆಗೂ ಚಾಚಿದರು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಆ್ಯಡಮ್ಸ್ ಅವರಿಂದ ಗೀತನಾಟಕವಾಗಿ 2006ರಲ್ಲಿ ವಿಯೆನ್ನಾದ ರಂಗವನ್ನೂ ಅದು ಏರಿತು. ಈ ಓದುಗಳೆಲ್ಲ ಸಮರ್ಥವಾದವೇ. ಆದರೂ ಎರಡು ಕೊಡಗಳ ಲೆಕ್ಕ ಇನ್ನಷ್ಟು ಗಮನವನ್ನು ಬೇಡುತ್ತದೆ. ಮರವಾಗುವ ಶಕ್ತಿ ಹುಡುಗಿಯದು. ಮರಳಿ ಬರುವ ಶಕ್ತಿ ಮಾತ್ರ ಅವಳದಲ್ಲ. ಅದು ನೀರು ಹೊತ್ತವರ ಕೈಯಲ್ಲಿದೆ. ಮೊದಲ ಕೊಡ ಬೆರಗಿನದು, ಎರಡನೆಯದು ಹೊಣೆಯದು. ಕತೆಯ ದುರಂತ ಹುಟ್ಟುವುದು ಎರಡನೆಯ ಕೊಡದಲ್ಲಿ.

ಆಧುನಿಕ ಕನ್ನಡ ರಂಗಭೂಮಿಯ ಎರಡು ಮುಖ್ಯ ನಾಟಕಗಳು ಇದನ್ನು ಇನ್ನೊಂದು ಬಗೆಯಲ್ಲಿ ಬೆಳೆಸಿವೆ. ಕಾರ್ನಾಡರ ‘ನಾಗಮಂಡಲ’ದಲ್ಲಿ (1988) ಗಂಡನನ್ನು ಒಲಿಸಿಕೊಳ್ಳಲೆಂದು ಕುರುಡವ್ವ ರಾಣಿಗೆ ಬೇರು ಕೊಡುತ್ತಾಳೆ. ಅರೆದು ಹಾಕಿದ ಬೇರಿನಿಂದ ಸಾರು ರಕ್ತದಂತೆ ಕೆಂಪಾದುದನ್ನು ಕಂಡು ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ, ಒಲಿಯುವವನು ನಾಗಪ್ಪ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ (1972) ಗೌಡ್ತಿ ಜೋಕುಮಾರನೆಂದು ಪೂಜಿಸಿದ ಪಡವಲಕಾಯಿಯ ಪಲ್ಯವನ್ನು ಗೌಡನಿಗೆಂದು ಮಾಡುತ್ತಾಳೆ; ಉಣ್ಣುವವನು ಹೊಲ ಉಳುವ ಬಸಣ್ಣ. ಎರಡೂ ಕಡೆ ಬೇರು, ಕಾಯಿಗಳು ಬಳಸಿದವರ ಉದ್ದೇಶವನ್ನು ಮೀರಿ ತಮ್ಮ ದಾರಿ ಹಿಡಿಯುತ್ತವೆ, ಗುರಿ ತಪ್ಪಿಯೇ ಸರಿಯಾದ ಜಾಗವನ್ನು ಮುಟ್ಟುತ್ತವೆ. ಕಂಬಾರರಲ್ಲಿ ಇದು ಉಳುವವನಿಗೆ ನೆಲ ಎಂಬ ರಾಜಕೀಯದ ಮಾತೂ ಆಗಿಬಿಡುತ್ತದೆ. ಪಡವಲಕಾಯಿ ಅಂಗಳದ ಬಳ್ಳಿಯದು. ಅದಕ್ಕೆ ಹೊಸ ಹೆಸರಿಲ್ಲ, ಹೊಳೆಯುವ ಎಲೆಯಿಲ್ಲ. ಇಷ್ಟಾಗಿಯೂ ಕನ್ನಡ ಅದಕ್ಕಿಂತ ಮಾಯದ ತರಕಾರಿಯನ್ನು ಕಂಡಿಲ್ಲವೆಂದು ನನ್ನ ಅಭಿಪ್ರಾಯ.

ಪಶ್ಚಿಮದ ಜನಪ್ರಿಯ ಕಥನವೂ ಇಲ್ಲಿ ನೆನಪಾಗುತ್ತದೆ. ಮನುಷ್ಯಾಕಾರದ ಮ್ಯಾಂಡ್ರೇಕ್ ಬೇರನ್ನು ಕಿತ್ತರೆ ಅದು ಚೀರುತ್ತದೆ, ಚೀರು ಕೇಳಿದವನು ಸಾಯುತ್ತಾನೆ, ಆದ್ದರಿಂದ ನಾಯಿಯನ್ನು ಕಟ್ಟಿ ಕೀಳಿಸಬೇಕು ಎಂಬ ನಂಬಿಕೆ ಮಧ್ಯಯುಗದ ಯುರೋಪಿನದು. ಹ್ಯಾರಿ ಪಾಟರ್ ಸರಣಿಯ ಎರಡನೆಯ ಕಾದಂಬರಿಯಲ್ಲಿ (1998) ಅದೇ ಗಿಡವನ್ನು ಮಕ್ಕಳು ಕಿವಿ ಮುಚ್ಚಿಕೊಂಡು ಬೇರೆ ಕುಂಡಕ್ಕೆ ನೆಡುತ್ತಾರೆ. ಲೇಖಕಿ ಹೊಸತಾಗಿ ಸೃಷ್ಟಿಸಿದುದು ಕಡಿಮೆ. ತನ್ನ ನೆಲದ ಕಟ್ಟಳೆಯನ್ನು ಕೈಬಿಡದೆ ಉಳಿಸಿಕೊಂಡಳು. ನಮ್ಮಲ್ಲಿ ಅನುಕರಣೆ ನಡೆದಾಗ ಚೀರುವ ಬೇರು ಬರುತ್ತದೆ, ಕಟ್ಟಳೆ ಬರುವುದಿಲ್ಲ.

ಇನ್ನು ಶ್ರೀನಿವಾಸಪುರದ ಮಾತು. ಆಂಧ್ರದ ಗಡಿಗೆ ತಾಗಿದ, ಕನ್ನಡ ತೆಲುಗುಗಳೆರಡರಲ್ಲೂ ಕತೆ ಹೇಳುವ ಈ ತಾಲ್ಲೂಕು ಮಾವಿಗೆ ಹೆಸರಾದುದು. ತೋತಾಪುರಿ, ಬಾದಾಮಿ, ರಸಪುರಿ, ನೀಲಂ, ಮಲ್ಲಿಕಾಗಳ ತೋಪುಗಳ ನಡುವೆ ಬೆಳೆದವರಿಗೆ ಒಂದು ಮರದ ಬುಡಕ್ಕೆ ಇನ್ನೊಂದರ ಕುಡಿಯನ್ನು ಕಸಿ ಮಾಡುವುದು ಮಾಯವೂ ಹೌದು, ನಿತ್ಯದ ಕೆಲಸವೂ ಹೌದು. ಮಲ್ಲಿಕಾ ಎಂಬುದೇ ನೀಲಂ ಮತ್ತು ದಶೇರಿಗಳ ಸಂಕರದಿಂದ ಮನುಷ್ಯರು ಸೃಷ್ಟಿಸಿದ ತಳಿ. ಆದರೂ ಮಾವಿನ ಅನೇಕ ತಳಿಗಳು ಒಂದು ವರ್ಷ ಮೈತುಂಬ ಕಾಯಿ ಬಿಟ್ಟರೆ ಮರುವರ್ಷ ಕೈಕೊಡುತ್ತವೆ. ಈ ಹಟವನ್ನು ಬಲ್ಲ ರೈತನಿಗೆ ಬೇಡಿದಾಗಲೆಲ್ಲ ಫಲಿಸುವ ಮರದ ಕತೆ ಹೇಳಿದರೆ ಅವನು ನಗುತ್ತಾನೆ. ಅವನ ನಗೆ ಒಂದು ವಿಮರ್ಶೆ.

ಇದೇ ನೆಲಕ್ಕೆ ಕಲ್ಪವೃಕ್ಷದ ವೇಷದಲ್ಲಿ ಬಂದ ಮರವೂ ಒಂದಿದೆ. ಅದು ನೀಲಗಿರಿ. ಹದಿನೆಂಟನೆಯ ಶತಮಾನದ ಕೊನೆಗೆ ನಂದಿಬೆಟ್ಟದಲ್ಲಿ ಟಿಪ್ಪುಸುಲ್ತಾನನ ಕಾಲದಲ್ಲಿ ಅದನ್ನು ಮೊದಲು ನೆಡಲಾಯಿತೆಂದು ಹೇಳುವುದುಂಟು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೋಲಾರದ ಬಯಲನ್ನು ಅದು ಆವರಿಸಿತು. ದನ ಮೇಯದು, ಕಾವಲು ಬೇಡ, ಬೇಗ ಬೆಳೆದು ಕಾಸು ಕೊಡುತ್ತದೆ: ಯಾರೂ ನೀರು ಹೊರಬೇಕಿಲ್ಲದ ಮರ. ನೀರನ್ನು ಅದು ತಾನೇ ತೆಗೆದುಕೊಂಡಿತು ಎಂಬ ಆಕ್ಷೇಪ ಬಲವಾಗುತ್ತ ಬಂದು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ವೇಳೆಗೆ ಜಿಲ್ಲೆಯ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿದ್ದುವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. ಇಷ್ಟು ವಿಚಿತ್ರವಾದ ಸಸ್ಯಕಥನವನ್ನು ನಮ್ಮ ಅದ್ಭುತ ಸಾಹಿತ್ಯ ಇನ್ನೂ ಮುಟ್ಟಿಲ್ಲವೆಂದೇ ಹೇಳಬೇಕು.

ಮುಟ್ಟಿರುವುದಾದರೂ ಏನನ್ನು? ಹೆಸರಿಗೆ ಸಂಸ್ಕೃತದ ಎರಡು ಪದಗಳ ಸಮಾಸ, ಇರುಳಲ್ಲಿ ಹೊಳೆಯುವ ದಳ, ಒಂದು ಹನಿ ರಸಕ್ಕೆ ಗುಣವಾಗುವ ಗಾಯ: ನಾಯಕನಿಗೆ ಬೇಕಾದಾಗ ಬೇಕಾದಲ್ಲಿ ಬೆಳೆದಿರುವ ಗಿಡ. ಸಂಜೀವಿನಿಯನ್ನು ಗುರುತಿಸಲಾರದೆ ಬೆಟ್ಟವನ್ನೇ ಹೊತ್ತು ತಂದ ಹನುಮಂತನ ಪಾಡು ಇಂಥ ನಾಯಕನಿಗೆ ಬರುವುದೇ ಇಲ್ಲ. ಆ ಗಿಡ ಯಾವ ಮಣ್ಣಿನದು, ಯಾವ ತಿಂಗಳಲ್ಲಿ ಎಲೆ ಉದುರಿಸುತ್ತದೆ, ಅದನ್ನು ಕಿತ್ತವರಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಕತೆಯಲ್ಲಿ ಉತ್ತರ ಇರಲೇಬೇಕೆಂದಿಲ್ಲ. ಲೇಖಕನಲ್ಲಿ ಇರಬೇಕು. ಇಲ್ಲದಿದ್ದರೆ ಆ ಗಿಡವನ್ನು ತೆಗೆದು ಅಲ್ಲೊಂದು ಔಷಧದ ಸೀಸೆಯನ್ನು ಇಟ್ಟರೂ ಕತೆ ಕದಲುವುದಿಲ್ಲ.

ಹೂಮರದ ಕತೆಯಲ್ಲಿ ಹಾಗೆ ಇಡಲು ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ರಾಜಕುಮಾರ ಹೆಂಡತಿಯನ್ನು ಮರವಾಗಿಸಿ ಆ ಹೂವುಗಳನ್ನೇ ಹಾಸಿಗೆಯಾಗಿ ಹಾಸಿಕೊಂಡವನು. ಬಾಡಿದ ಹೂರಾಶಿಯೇ ಗುಟ್ಟನ್ನು ಬಯಲು ಮಾಡುತ್ತದೆ. ಕೊನೆಯಲ್ಲಿ, ತಿರುಕನಂತೆ ಅಲೆದು ಅವಳನ್ನು ಕಂಡಾಗ, ಅವನು ಮತ್ತೆ ಮೊದಲ ಕೊಡವನ್ನು ಸುರಿಯುತ್ತಾನೆ. ಮರ ಏಳುತ್ತದೆ. ಈ ಸಲ ಅವನು ಹೂ ಬಿಡಿಸುವುದಿಲ್ಲ. ಮುರಿದ ಕೊಂಬೆಗಳನ್ನು ನೆಟ್ಟಗೆ ಮಾಡಿ, ಹರಿದ ಎಲೆಗಳನ್ನು ಜೋಡಿಸಿ, ಆಮೇಲೆ ಎರಡನೆಯ ಕೊಡಕ್ಕೆ ಕೈಹಾಕುತ್ತಾನೆ.