ಗಂಜಿನ ಮಾಡದಲ್ಲಿ ಒಂದು ಸರ್ವರ್

ಕಲಬುರಗಿಯ ನೆಹರು ಗಂಜಿನಲ್ಲಿ ನಮ್ಮ ಮಾಮಾನ ಅಡತಿ ಅಂಗಡಿ ಇದೆ. ಗಾದಿಯ ಹಿಂದಿನ ಮಾಡದಲ್ಲಿ ಲಕ್ಷ್ಮಿಯ ಫೋಟೊ. ಅದರ ಬುಡದಲ್ಲಿ ಮೊದಲೆಲ್ಲ ಕೆಂಪು ಬಟ್ಟೆಯ ಹೊದಿಕೆಯ ಕಿರ್ದಿ, ಖಾತೆ ಪುಸ್ತಕಗಳಿರುತ್ತಿದ್ದವು. ಈಗ ಅಲ್ಲಿ ಊಟದ ಡಬ್ಬಿಯಷ್ಟೇ ದೊಡ್ಡದಾದ ಕರಿ ಪೆಟ್ಟಿಗೆಯೊಂದು ಕೂತಿದೆ. ಸದ್ದಿಲ್ಲ, ಮುಂದೊಂದು ಬಿಳಿ ದೀಪ ಮಾತ್ರ. ಬೆಳಿಗ್ಗೆ ಮುನೀಮರು ಊದಿನಕಡ್ಡಿ ಬೆಳಗುವಾಗ ಅದಕ್ಕೂ ಒಂದು ಸುತ್ತು ತಿರುಗಿಸುತ್ತಾರೆ. ತೊಗರಿ ತಂದ ರೈತರು ಏನದು ಎಂದು ಕೇಳಿದರೆ, "ಸರ್ವರ್ ಅದ ರೀ. ನಿಮ್ಮ ಲೆಕ್ಕ ಎಲ್ಲಾ ಅದರಾಗೇ ಅದ" ಎನ್ನುತ್ತಾರೆ.

ರೈತರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾರೆ. ನಮ್ಮ ಕಡೆ ಸರ್ವರ್ ಎಂಬ ಪದ ಮನೆಮಾತಾದದ್ದು ಕಚೇರಿಯ ಕಿಟಕಿಗಳಿಂದ. "ಸರ್ವರ್ ಇಲ್ಲ, ನಾಳಿ ಬರ್ರಿ." ಕಮಲಾಪುರದಿಂದ ಬಸ್ಸಿನ ಖರ್ಚು ಮಾಡಿಕೊಂಡು ಬಂದು ಈ ಮಾತು ಕೇಳಿ ಮರಳಿದವರಲ್ಲಿ ನನ್ನ ತಂದೆಯೂ ಒಬ್ಬರು. ಎಲ್ಲೋ ದೂರದಲ್ಲಿದ್ದು, ತನಗೆ ತಿಳಿದಾಗ ಬಾಗಿಲು ತೆರೆಯುವ ದೊಡ್ಡ ವಸ್ತು ಎಂಬುದೇ ಅದರ ಬಗ್ಗೆ ಎಲ್ಲರಿಗೂ ಇರುವ ಕಲ್ಪನೆ. ಅಸಲಿಗೆ ಸರ್ವರ್ ಎಂದರೆ ಬೇರೆ ಯಂತ್ರಗಳು ಕೇಳಿದ್ದನ್ನು ಕೊಡಲು ಹಗಲೂ ರಾತ್ರಿ ಎಚ್ಚರವಿರುವ ಒಂದು ಕಂಪ್ಯೂಟರ್, ಅಷ್ಟೇ. ಅದನ್ನು ಮನೆಯಲ್ಲೋ ಅಂಗಡಿಯಲ್ಲೋ ಕಡಿಮೆ ಖರ್ಚಿನಲ್ಲಿ ಇಟ್ಟುಕೊಳ್ಳುವ ಪದ್ಧತಿ ನಮ್ಮ ಊರಿಗೆ ಎಷ್ಟು ಒಗ್ಗುತ್ತದೆ? ಎರಡು ಜಾಗದಲ್ಲಿ, ಗಂಜಿನಲ್ಲೂ ಕಮಲಾಪುರದ ನಮ್ಮ ಮನೆಯಲ್ಲೂ, ಇದನ್ನು ನಡೆಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪದ್ಧತಿ ಒಳ್ಳೆಯದು. ಆದರೆ ಅದನ್ನು ಹೊಗಳುವವರು ಪೆಟ್ಟಿಗೆಯ ಬೆಲೆ ಹೇಳಿ ನಿಲ್ಲಿಸುತ್ತಾರೆ. ಸೋಲುವುದು ಆಮೇಲಿನ ಸಂಗತಿಗಳಲ್ಲಿ.

ಸ್ಥಳೀಯ ಸರ್ವರ್ ಕರ್ನಾಟಕಕ್ಕೆ ಹೊಸದೇನೂ ಅಲ್ಲ. 2001ರ ಹೊತ್ತಿಗೆ ಪಹಣಿಯ ಕಂಪ್ಯೂಟರೀಕರಣಕ್ಕಾಗಿ ಬಂದ ‘ಭೂಮಿ’ ಯೋಜನೆಯಲ್ಲಿ ತಾಲ್ಲೂಕಿನ ದಾಖಲೆ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲೇ ಇರುತ್ತಿತ್ತು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಸಿಗುತ್ತಿತ್ತು. ಆಮೇಲೆ ಎಲ್ಲವೂ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ದಾಖಲೆ ತಿದ್ದುವುದನ್ನು ತಡೆಯಲು, ಯಾವ ಊರಿನಿಂದಲಾದರೂ ಪಹಣಿ ತೆಗೆಯಲು ಅದು ಬೇಕಿತ್ತು, ತಕರಾರಿಲ್ಲ. ಆದರೆ ನೆಟ್‌ವರ್ಕ್ ಕಡಿದ ದಿನ ಕಿಟಕಿಯೇ ಮುಚ್ಚುವ ಸ್ಥಿತಿಯೂ ಅದರ ಜೊತೆಗೇ ಬಂತು. ಅಂಗಡಿಯ ಲೆಕ್ಕಕ್ಕೆ ಆ ಗತಿ ಬರಬೇಕಾಗಿಲ್ಲ.

ಅಗ್ಗದ ಸರ್ವರ್ ಎಂದರೆ ಮೊದಲು ನೆನಪಿಗೆ ಬರುವುದು ರಾಸ್ಪ್‌ಬೆರಿ ಪೈ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿ 2012ರ ಫೆಬ್ರುವರಿ 29ರಂದು 35 ಡಾಲರ್‌ಗೆ ಮಾರಾಟಕ್ಕೆ ಬಂದ, ಅಂಗೈಯಲ್ಲಿ ಹಿಡಿಸುವ ಬೋರ್ಡ್ ಅದು. 2019ರ ನಾಲ್ಕನೇ ಮಾದರಿಗೆ ವೇಗದ ನೆಟ್‌ವರ್ಕ್ ಮತ್ತು ಯುಎಸ್‌ಬಿ 3 ಸಿಕ್ಕಿದ ಮೇಲೆ ಮನೆಯ ಸರ್ವರ್ ಆಗಿ ಅದು ಎಲ್ಲೆಡೆ ಹರಡಿತು. ಅದರ ಗುಣ ದೊಡ್ಡದು. ಕೆಲಸವಿಲ್ಲದಾಗ ಮೂರು ನಾಲ್ಕು ವ್ಯಾಟ್ ಕರೆಂಟು ಸಾಕು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿ ಜನಸ್ತು ಸಂಸ್ಥೆಯವರು ಊರಿನವರದೇ ವೈಫೈ ಜಾಲ ಕಟ್ಟಿ, ಇಂಥ ಪುಟ್ಟ ಬೋರ್ಡ್‌ಗಳಲ್ಲಿ ಸ್ಥಳೀಯ ಜನರ ಧ್ವನಿ, ಕಥೆಗಳನ್ನು ಇರಿಸಿದ್ದಾರೆ. ಇಂಟರ್ನೆಟ್ ಇಲ್ಲದಿದ್ದರೂ ಊರಿನೊಳಗೆ ಅವು ಸಿಗುತ್ತವೆ. ಆ ಕೆಲಸದ ಬಗ್ಗೆ ನನಗೆ ಬಹಳ ಗೌರವ.

ಆದರೂ ಗಂಜಿನ ಅಂಗಡಿಗೆ ಅದನ್ನು ಕೊಳ್ಳಿರೆಂದು ಹೇಳಲಾರೆ. ಮೊದಲ ಕಾರಣ, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಅದರ ಮೇಲೆ ನಡೆಯುವುದಿಲ್ಲ. ವಿಂಡೋಸ್‌ನ ಟ್ಯಾಲಿಗೆ ಬೇಕಾದ ಪ್ರೊಸೆಸರೇ ಬೇರೆ. 1986ರಿಂದ ಬೆಳೆದುಬಂದ ಬೆಂಗಳೂರಿನ ಈ ತಂತ್ರಾಂಶ ಇಲ್ಲದ ಅಡತಿ ಅಂಗಡಿಯನ್ನು ನಾನು ಗಂಜಿನಲ್ಲಿ ಕಂಡಿಲ್ಲ. ಎರಡನೆಯದು ಮೆಮೊರಿ ಕಾರ್ಡ್. ನಾನು ಮೊದಲು ಒಂದು ಪುಟ್ಟ ಬೋರ್ಡ್ ತಂದು, ಮೊಬೈಲಿಗೆ ಹಾಕುವಂಥ ಕಾರ್ಡಿನ ಮೇಲೆಯೇ ಎಲ್ಲವನ್ನೂ ಇಟ್ಟಿದ್ದೆ. ಮೇ ತಿಂಗಳ ಒಂದು ಸಂಜೆ ಗಾಳಿಮಳೆ ಬಂತು. ಲೈಟು ಮೂರು ಸಲ ಹೋಗಿ ಬಂತು. ನಾಲ್ಕನೇ ಸಲ ಲೈಟು ಬಂದರೂ ಸರ್ವರ್ ಏಳಲಿಲ್ಲ. ಕಾರ್ಡಿನಲ್ಲಿ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅದರ ಒಳಗಿನ ಕಡತಗಳ ಪಟ್ಟಿ ಕೆಡಬಹುದು, ಸದಾ ಬರೆಯುವ ಕೆಲಸಕ್ಕೆ ಅದು ಬೇಗ ಸವೆಯುತ್ತದೆ. ಇದು ಗೊತ್ತಿದ್ದೂ ಕಾರ್ಡಿನ ಮೇಲೆ ಭರವಸೆ ಇಟ್ಟವನು ನಾನೇ. ಮಾಮಾ ಬೈಯಲಿಲ್ಲ. "ಕಿರ್ದಿ ಪುಸ್ತಕ ಮಳಿಗೆ ತೊಯ್ದರೂ ಒಣಗಿಸಿ ಓದಬಹುದಿತ್ತು ನೋಡು" ಎಂದರು. ಆ ಮಾತು ಇವತ್ತಿಗೂ ನನ್ನ ತಲೆಯಲ್ಲಿದೆ.

ಈಗ ಮಾಡದಲ್ಲಿರುವುದು ದೊಡ್ಡ ಕಂಪನಿಯೊಂದರಲ್ಲಿ ಬಳಸಿ ಹೊರಹಾಕಿದ ಮಿನಿ ಪಿಸಿ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಹತ್ತು ಸಾವಿರದ ಆಸುಪಾಸಿಗೆ ಸಿಕ್ಕಿತು. ನಮಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಅದೇ ಹತ್ತಿರ. ಒಳಗೆ ಎಸ್‌ಎಸ್‌ಡಿ, ಮೇಲೆ ಡೆಬಿಯನ್ ಲಿನಕ್ಸ್, ಕಡತ ಹಂಚಲು ಸಾಂಬಾ. ಅಂಗಡಿಯ ಮೂರೂ ಕಂಪ್ಯೂಟರ್‌ಗಳ ಕಡತಗಳು ಒಂದೇ ಕಡೆ ಬಂದವು. ವಿಂಡೋಸ್ ಹಾಕಿದರೆ ಟ್ಯಾಲಿಯೂ ಇದರಲ್ಲಿ ನಡೆಯುತ್ತದೆ, ಸದ್ಯಕ್ಕೆ ಅದು ಮೊದಲಿದ್ದ ವಿಂಡೋಸ್ ಯಂತ್ರದಲ್ಲೇ ಇದೆ. ರಾತ್ರಿ ಬಾಗಿಲು ಹಾಕುವ ಮುಂಚೆ ಮುನೀಮರು ಟ್ಯಾಲಿಯದೇ ಬ್ಯಾಕಪ್ ತೆಗೆಯುತ್ತಾರೆ, ಅದು ಪೆಟ್ಟಿಗೆಗೆ ಬಂದು ಬೀಳುತ್ತದೆ. ತೆರೆದಿರುವ ಲೆಕ್ಕವನ್ನು ಹಾಗೇ ನಕಲು ಮಾಡಿದರೆ ಅರ್ಧಂಬರ್ಧ ಕಡತ ಸಿಗಬಹುದು, ಅದಕ್ಕೇ ಈ ಕ್ರಮ.

ಮನೆಯ ಮೂಲೆಯಲ್ಲಿರುವ ಹಳೇ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಬಾರದೇಕೆ ಎಂದು ಹಲವರು ಕೇಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಇಂಥ ಯಂತ್ರಗಳು ಮನೆಮನೆಯಲ್ಲೂ ಇವೆ. ಮಾಡಬಹುದು, ಆದರೆ ಲೆಕ್ಕ ಹಾಕಿ ನೋಡಿ. ವರ್ಷವಿಡೀ ಉರಿಯುವ ಒಂದೊಂದು ವ್ಯಾಟಿಗೂ 8.76 ಯೂನಿಟ್ ಆಗುತ್ತದೆ. 60 ವ್ಯಾಟಿನ ಡೆಸ್ಕ್‌ಟಾಪ್ 525 ಯೂನಿಟ್ ತಿನ್ನುತ್ತದೆ, 10 ವ್ಯಾಟಿನ ಮಿನಿ ಪಿಸಿಗೆ 88 ಸಾಕು. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ಒಂದಕ್ಕೆ 4,200, ಇನ್ನೊಂದಕ್ಕೆ 700. ಪುಕ್ಕಟೆ ಯಂತ್ರ ಮೂರನೇ ವರ್ಷಕ್ಕೆ ದುಬಾರಿಯಾಗುತ್ತದೆ. ಜೊತೆಗೆ ಬೇಸಿಗೆ ಬೇರೆ. 42 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಅಂಗಡಿಯೊಳಗೆ ಇನ್ನೊಂದು ಒಲೆ ಯಾರಿಗೆ ಬೇಕು?

ಬಿಸಿಲಿಗಿಂತ ನನಗೆ ಹೆಚ್ಚು ಹೆದರಿಕೆ ಧೂಳಿನದು. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆ ಹೋಗುವಾಗ ಕಪನೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿ ಗೆಳೆಯರೊಬ್ಬರ ಬೇಳೆ ಮಿಲ್ಲಿನಲ್ಲಿ ಕೆಟ್ಟ ಕಂಪ್ಯೂಟರ್ ಬಿಚ್ಚಿದೆ. ಫ್ಯಾನಿನ ಎಲೆಗಳ ನಡುವೆ ಹಳದಿ ಕಂದು ಬಣ್ಣದ ಪದರ, ಬೆರಳಿಟ್ಟರೆ ಅಂಟು. ತೊಗರಿಯ ಸಿಪ್ಪೆ ಬಿಡಿಸುವ ಮೊದಲು ಕಾಳಿಗೆ ಎಣ್ಣೆ ಸವರುತ್ತಾರಲ್ಲ, ಆ ಎಣ್ಣೆ ಹತ್ತಿದ ಹೊಟ್ಟಿನ ಪುಡಿ ಅದು. ಬ್ರಷ್ಷಿಗೆ ಬರಲಿಲ್ಲ, ಚಾಕುವಿನ ತುದಿಯಲ್ಲಿ ಕೆರೆದು ತೆಗೆದೆವು. ಮಿಲ್ಲಿಗೆ ಥಿನ್ ಕ್ಲೈಂಟ್ ಎಂಬ, ಫ್ಯಾನೇ ಇಲ್ಲದ ಪುಟ್ಟ ಕಂಪ್ಯೂಟರ್ ಮಾತ್ರ ಸರಿ, ವೇಗ ಕಡಿಮೆಯಾದರೂ ಚಿಂತೆಯಿಲ್ಲ.

ಕರೆಂಟಿನ ವಿಷಯದಲ್ಲಿ ಒಂದೇ ಮಾತು. ಇನ್ವರ್ಟರ್ ಹೇಗೂ ಎಲ್ಲರ ಬಳಿ ಇದೆ. ಅದರ ಹಿಂದೆ ಯುಪಿಎಸ್ ಮೋಡ್ ಎಂಬ ಚಿಕ್ಕ ಸ್ವಿಚ್ ಇದ್ದರೆ ಅದನ್ನು ಹಾಕಿಡಬೇಕು. ಇಲ್ಲದಿದ್ದರೆ ಫ್ಯಾನು, ಬಲ್ಬು ನಿಲ್ಲದಷ್ಟು ಚಿಕ್ಕ ತಡೆಯಲ್ಲೂ ಸರ್ವರ್ ಬಿದ್ದೇಳುತ್ತದೆ.

ಇನ್ನು ಮುಖ್ಯ ವಿಷಯ, ಎರಡನೇ ಪ್ರತಿ. ಅಗ್ಗದ ಸರ್ವರ್ ಇಟ್ಟವರಲ್ಲಿ ಹಲವರು ಎರಡು ಡಿಸ್ಕ್‌ಗಳನ್ನು ಜೋಡಿಯಾಗಿ ಹಾಕಿ ನಿಶ್ಚಿಂತರಾಗುತ್ತಾರೆ. ಡಿಸ್ಕ್ ಕೆಟ್ಟರೆ ಆ ಜೋಡಿ ಕಾಪಾಡುತ್ತದೆ. ಕಡತವನ್ನು ನಾವೇ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಹೊರಗಿನ ದುಷ್ಟ ತಂತ್ರಾಂಶ ಬೀಗ ಜಡಿದರೂ ಅದೇ ಗತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಅಂಥದೊಂದು ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಇನ್ನೊಂದು, ಇಂಟರ್ನೆಟ್‌ಗೆ ನೇರ ತೆರೆದಿಟ್ಟಿದ್ದ ಕ್ಯುನ್ಯಾಪ್ ಶೇಖರಣಾ ಪೆಟ್ಟಿಗೆಗಳನ್ನು ಹುಡುಕಿ ಹುಡುಕಿ ಹಿಡಿಯಿತು. ಅವೆಲ್ಲ ಮನೆ, ಸಣ್ಣ ಕಚೇರಿಗಳಿಗೆಂದೇ ಮಾಡಿದ ಸರ್ವರ್‌ಗಳು. ನಮ್ಮಲ್ಲಿನ ಎಷ್ಟೋ ಇಂಟರ್ನೆಟ್ ಸಂಪರ್ಕಗಳಿಗೆ ಸ್ವಂತ ವಿಳಾಸ ಸಿಗುವುದಿಲ್ಲ, ಹೊರಗಿನಿಂದ ಸರ್ವರ್ ಮುಟ್ಟಲಾಗುವುದಿಲ್ಲ ಎಂದು ತಿಳಿದವರು ಗೊಣಗುತ್ತಾರೆ. ಸಣ್ಣ ಅಂಗಡಿಗೆ ಅದು ಪುಕ್ಕಟೆ ಸಿಕ್ಕ ಬೇಲಿ ಎಂದೇ ನನ್ನ ಎಣಿಕೆ. ಹೊರಗಿನಿಂದ ಬೇಕಾದಾಗ ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗದಲ್ಲಿ ಒಳಬಂದರಾಯಿತು.

ಆ ಸುರಂಗದ ಇನ್ನೊಂದು ತುದಿ ಕಮಲಾಪುರದಲ್ಲಿದೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ನಮ್ಮ ಮನೆಯಲ್ಲಿ, ಅಡುಗೆಮನೆಯಿಂದ ದೂರದ ನಡುಮನೆಯ ಅಟ್ಟದ ಮೇಲೆ ಇದೇ ತರದ ಇನ್ನೊಂದು ಪೆಟ್ಟಿಗೆ. ರಾತ್ರಿ ಹನ್ನೊಂದಕ್ಕೆ ಗಂಜಿನ ಲೆಕ್ಕ ರೆಸ್ಟಿಕ್ ತಂತ್ರಾಂಶದಿಂದ ಬೀಗ ಹಾಕಿಕೊಂಡು ಕಮಲಾಪುರಕ್ಕೆ ಬರುತ್ತದೆ. ಮನೆಯ ಫೋಟೊ, ತೋಟದ ಲೆಕ್ಕ, ಅಜ್ಜಿ ಹಾಡಿದ ತತ್ವಪದಗಳ ಧ್ವನಿಮುದ್ರಣ ಗಂಜಿಗೆ ಹೋಗುತ್ತವೆ. ಕೆಂಪು ಬಾಳೆಯ ಗೊನೆ ಯಾವಾಗ ಕಡಿದದ್ದು, ಯಾರಿಗೆ ಯಾವ ದರಕ್ಕೆ ಕೊಟ್ಟದ್ದು ಎಂಬ ಅಪ್ಪನ ನೋಟ್‌ಬುಕ್ಕಿನ ಹಾಳೆಗಳೂ ಅದರಲ್ಲಿವೆ. ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯುತ್ತದೆ. ತಿಂಗಳ ಬಾಡಿಗೆ ಇಲ್ಲ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಅಷ್ಟು ದೀರ್ಘ ಕಾಲಕ್ಕೆ ಒಂದು ಪೆನ್‌ಡ್ರೈವ್ ನಂಬಿ ಕೂತ ಅಂಗಡಿಗಳನ್ನು ಕಂಡು ನನಗೆ ಸಂಕಟವಾಗುತ್ತದೆ. ಒಬ್ಬರೇ ಫೋನಿನಲ್ಲಿ ಲೆಕ್ಕ ನೋಡಿಕೊಳ್ಳುವ ಕಿರಾಣಿ ಅಂಗಡಿಗೆ ಇಷ್ಟೆಲ್ಲ ಬೇಡ, ಅವರಿಗೆ ಕ್ಲೌಡ್ ಸೇವೆಯೇ ಸುಲಭ. ಇಬ್ಬರು ಮೂವರು ಒಂದೇ ಕಡತ ಮುಟ್ಟುವಲ್ಲಿ, ದೊಡ್ಡ ಕಡತ ಇರುವಲ್ಲಿ ಸ್ವಂತ ಪೆಟ್ಟಿಗೆಗೆ ಬೆಲೆ ಬರುತ್ತದೆ.

ದೊಡ್ಡ ಕಡತ ಎಂದೆ, ಮುದ್ರಣಾಲಯದವರು ನೆನಪಾದರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವರದಿ ಹೀಗೆ ಹದಿನೈದು ಇಪ್ಪತ್ತು ವರ್ಷದ ಕೆಲಸ ಅವರ ಬಳಿ ಇರುತ್ತದೆ. ಪರಿಚಯದ ಒಬ್ಬರ ಕಡತಗಳನ್ನು ಸರ್ವರ್‌ಗೆ ಹಾಕಿ, ಹುಡುಕುವ ಜಾಗದಲ್ಲಿ ‘ಕಲಬುರಗಿ’ ಎಂದು ಬರೆದೆ. ಒಂದೂ ಸಿಗಲಿಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಅಕ್ಷರ ಕನ್ನಡವಾಗಿ ಕಂಡರೂ ಒಳಗೆ ಶೇಖರವಾಗಿರುವುದು ಲ್ಯಾಟಿನ್ ಅಕ್ಷರ, ಚಿಹ್ನೆಗಳ ಗೊಂದಲ. ‘ಲ’ ಇರುವ ಕಡೆ ವೃತ್ತದೊಳಗಿನ ಆರ್ ಚಿಹ್ನೆ ಇರುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ವಿನ್ಯಾಸದ ಕಡತಗಳನ್ನು ಒಂದೊಂದಾಗಿ ತೆರೆದು ಮಾಡಬೇಕು. ನಾನು ಓದಿದ ಯಾವ ಸರ್ವರ್ ಕೈಪಿಡಿಯಲ್ಲೂ ಈ ತೊಡಕಿನ ಪ್ರಸ್ತಾಪವಿಲ್ಲ. ಕನ್ನಡದ ಸಣ್ಣ ವ್ಯಾಪಾರಿಗೆ ಮಾತ್ರ ಇದು ಡಿಸ್ಕಿಗಿಂತ ದೊಡ್ಡ ಖರ್ಚು.

ಈ ಪದ್ಧತಿಯ ಮೇಲೆ ನನ್ನ ದೊಡ್ಡ ಆಕ್ಷೇಪ ಬೇರೆಯದೇ. ನಾನು ಊರಲ್ಲಿಲ್ಲದ ದಿನ ಪೆಟ್ಟಿಗೆ ನಿಂತರೆ ಮುನೀಮರು ಯಾರನ್ನು ಕೇಳಬೇಕು? ಸ್ವಂತ ಸರ್ವರ್ ಎಂದರೆ ಸ್ವಾತಂತ್ರ್ಯ ಎನ್ನುವವರು, ಮನೆಗೊಬ್ಬ ತಿಳಿದವನು ಇದ್ದೇ ಇರುತ್ತಾನೆ ಎಂದುಕೊಂಡು ಮಾತಾಡುತ್ತಾರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಇನ್ವರ್ಟರ್ ರಿಪೇರಿಗೆ, ಮೊಬೈಲಿಗೆ ಜನ ಸಿಗುತ್ತಾರೆ. ಸರ್ವರ್‌ಗೆ ನಾನು ಹುಡುಕಿದೆ, ಸಿಗಲಿಲ್ಲ. ಆದರೆ ಒಂದು ಸಂಗತಿ ತಡವಾಗಿ ಹೊಳೆಯಿತು. ಗಂಜಿನಲ್ಲಿ ಅಂಗಡಿ ಅಂಗಡಿಗೂ ಈಗಾಗಲೇ ಒಂದು ಅಗ್ಗದ ಸರ್ವರ್ ಇದೆ, ಸಿಸಿಟಿವಿಯ ಡಿವಿಆರ್. ಅದೂ ಹಗಲು ರಾತ್ರಿ ಎಚ್ಚರವಿದ್ದು ಡಿಸ್ಕಿನಲ್ಲಿ ಬರೆಯುವ ಕಂಪ್ಯೂಟರೇ. ಹುಡುಗರು ಬಂದು ಕೂರಿಸುತ್ತಾರೆ, ಪಾಸ್‌ವರ್ಡ್ ಬದಲಿಸದೆ ಹೋಗುತ್ತಾರೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಇಂಥ ಬದಲಿಸದ ಪಾಸ್‌ವರ್ಡ್‌ಗಳಿಂದಲೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶ ಮಾಡಿಕೊಂಡಿತ್ತು. ಆ ಹುಡುಗರಿಗೆ ಏಣಿ ಹತ್ತುವುದು, ಕೇಬಲ್ ಎಳೆಯುವುದು, ಡಿಸ್ಕ್ ಬದಲಿಸುವುದು ಎಲ್ಲ ಬರುತ್ತದೆ. ಬ್ಯಾಕಪ್ ಎಂದರೇನು ಎಂದು ಯಾರೂ ಕಲಿಸಿಲ್ಲ, ಅಷ್ಟೇ. ಅವರಲ್ಲಿ ಒಬ್ಬನಿಗೆ ನಾನು ಕಲಿಸುತ್ತಿದ್ದೇನೆ. ಮಾಡದ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇವೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಯಾವ ವೈರು ಎಲ್ಲಿಗೆ, ದೀಪ ಆರಿದರೆ ಮೊದಲು ಏನು ನೋಡಬೇಕು, ಬೀಗದ ಗುಪ್ತಪದ ಇರುವ ಲಕೋಟೆ ಯಾವ ತಿಜೋರಿಯಲ್ಲಿದೆ ಎಂದು ಅದರಲ್ಲಿ ಬರೆದಿದೆ.

ಅಮಾವಾಸ್ಯೆಗೆ ಮಾಮಾನ ಅಂಗಡಿಯಲ್ಲಿ ವ್ಯಾಪಾರವಿಲ್ಲ, ಪೂಜೆ ಮಾತ್ರ. ಪೂಜೆ ಮುಗಿದ ಮೇಲೆ ಆ ಹುಡುಗ ಒಂದು ಖಾಲಿ ಲ್ಯಾಪ್‌ಟಾಪ್ ತೆರೆದು, ಕಮಲಾಪುರದಲ್ಲಿರುವ ಪ್ರತಿಯಿಂದ ಹಿಂದಿನ ದಿನದ ಲೆಕ್ಕ ತರಿಸುತ್ತಾನೆ. ಮುನೀಮರು ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂರುತ್ತಾರೆ. ಕಳೆದ ಸಲ ಆಳಂದ ಕಡೆಯ ರೈತರೊಬ್ಬರ ತೊಗರಿಯ ಪಟ್ಟಿ ತೆಗೆಸಿದರು. ಚೀಲ, ತೂಕ, ದರ, ಹಮಾಲಿ ಒಂದೊಂದನ್ನೂ ಕೈಯಲ್ಲಿದ್ದ ಕಾಗದದ ಪಟ್ಟಿಯೊಂದಿಗೆ ಬೆರಳಿಟ್ಟು ತಾಳೆ ನೋಡಿದರು. "ಸರಿ ಅದ ತಮ್ಮಾ," ಎಂದರು, "ಇನ್ನೊಂದು ತೆಗಿ."