ಎದುರುಬದುರು ಬೆಂಚಿನ ಗಾಡಿ

ಒಬ್ಬ ಕವಿಯ ಕೃತಿಗಳನ್ನೆಲ್ಲ ಮುಂದೆ ಹರವಿ “ಇವುಗಳಲ್ಲಿ ಒಂದನ್ನು ಎತ್ತಿಕೊಳ್ಳಿ” ಎಂದರೆ ವಿಮರ್ಶಕರಾದವರು ಸಾಮಾನ್ಯವಾಗಿ ನುಣುಚಿಕೊಳ್ಳುತ್ತಾರೆ. ಒಂದೊಂದಕ್ಕೂ ಅದರದೇ ಸೊಗಸುಂಟು, ಕಾಲವನ್ನು ನೋಡಬೇಕು, ಸಂದರ್ಭವನ್ನು ನೋಡಬೇಕು ಎಂದು ಹೇಳಿ ಮರ್ಯಾದೆಯಿಂದ ಪಾರಾಗುತ್ತಾರೆ. ಮೋಟಾರು ಗಾಡಿಗಳ ವಿಷಯದಲ್ಲಿ ನಮ್ಮ ಜನ ಇಷ್ಟು ಹೇಡಿಗಳಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ—ಈ ಐದರಲ್ಲಿ ಯಾವ ಊರಿನ ಚಹಾದಂಗಡಿಯಲ್ಲಾದರೂ ಕುಳಿತು, ಮಹೀಂದ್ರದ ಹಳೆಯ ಹೊಸ ಗಾಡಿಗಳಲ್ಲಿ ಯಾವುದು ಉತ್ತಮ ಎಂದು ಕೇಳಿ ನೋಡಿ; ಒಂದು ಸುತ್ತು ಚಹಾ ಮುಗಿಯುವುದರೊಳಗೆ ಮೂರು ಪಕ್ಷಗಳಾಗುತ್ತವೆ. ಹುಡುಗರು ಥಾರ್ ಎನ್ನುತ್ತಾರೆ. ಗುತ್ತಿಗೆದಾರರು ಬೊಲೇರೊ ಎನ್ನುತ್ತಾರೆ. ತಲೆ ನರೆತವರು ಹಳೆಯ ಜೀಪನ್ನು ನೆನೆಯುತ್ತಾರೆ. ನನ್ನ ಪಕ್ಷ ಈ ಮೂರೂ ಅಲ್ಲ. ನನ್ನದು ಕಮಾಂಡರ್.

ಬೆಂಗಳೂರಿನ ವಾಚಕರಿಗೆ ಈ ಹೆಸರಿನಿಂದ ಚಿತ್ರ ಮೂಡದೆ ಇರಬಹುದು. ಆದ್ದರಿಂದ ವಂಶಾವಳಿಯನ್ನು ಸ್ವಲ್ಪ ಹೇಳಬೇಕು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕಾಗಿ ಕಟ್ಟಿದ ಈ ಕಂಪನಿಯ ಮೊದಲ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಒಡೆದಾಗ ಪಾಲುದಾರರಾದ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಅರ್ಥಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಆದರು. 1948ರಲ್ಲಿ ಫಲಕದ ಮೇಲೆ ಮೊಹಮ್ಮದ್ ಹೋಗಿ ಎರಡನೆಯ ಮಹೀಂದ್ರ ಬಂದಿತು. ಅದೇ ಸುಮಾರಿಗೆ ಅಮೆರಿಕದ ವಿಲ್ಲಿಸ್ ಕಂಪನಿಯ ಜೀಪುಗಳು ಬಿಡಿಭಾಗಗಳಾಗಿ ಮುಂಬಯಿಗೆ ಬಂದು ಇಲ್ಲಿ ಜೋಡಣೆಯಾಗತೊಡಗಿದವು. ಸಾಹಿತ್ಯದ ಭಾಷೆಯಲ್ಲಿ ಹೇಳುವುದಾದರೆ ಕಂಪನಿ ತನ್ನ ವೃತ್ತಿಯನ್ನು ಅನುವಾದದಿಂದ ಆರಂಭಿಸಿತು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ; ನಮ್ಮ ನವೋದಯದ ಕವಿಗಳಲ್ಲಿ ಹಲವರು ಕೈ ಪಳಗಿಸಿಕೊಂಡದ್ದೂ ಹೀಗೆಯೇ.

ಆ ಜೀಪುಗಳಲ್ಲಿ ನಮ್ಮ ನಾಡಿನ ಕಣ್ಣಿಗೆ ಹೆಚ್ಚು ಬಳಕೆಯಾದದ್ದು ಎತ್ತರದ ಬಾನೆಟ್ಟಿನದು, ವಿಲ್ಲಿಸ್ 1953ರಲ್ಲಿ ಹೊರತಂದ ಸಿಜೆ 3ಬಿ. ಅದರ ಮುಖ ಯಾಕೆ ಹಾಗೆ ಉಬ್ಬಿದೆ ಎಂಬುದಕ್ಕೆ ಕಾರಣ ತಿಳಿದಮೇಲೆ ನನಗೆ ಅದರ ಮೇಲಿನ ಗೌರವ ಇಮ್ಮಡಿಯಾಯಿತು. ಹಳೆಯ ಎಂಜಿನ್ನಿನಲ್ಲಿ ಕವಾಟಗಳೆಲ್ಲ ಪಕ್ಕದಲ್ಲಿದ್ದವು. ಹೊಸ ‘ಹರಿಕೇನ್’ ಎಂಜಿನ್ನಿನಲ್ಲಿ ಒಳಗೆ ಉಸಿರೆಳೆಯುವ ಕವಾಟವನ್ನು ನೆತ್ತಿಯ ಮೇಲೆ ಕೂರಿಸಿ, ಹೊಗೆ ಬಿಡುವ ಕವಾಟವನ್ನು ಪಕ್ಕದಲ್ಲೇ ಉಳಿಸಿದರು. ಎಂಜಿನ್ನಿನ ತಲೆ ಎತ್ತರವಾಯಿತು. ಅದಕ್ಕೆ ತಕ್ಕಂತೆ ಟೊಪ್ಪಿಗೆಯೂ ಎತ್ತರವಾಗಬೇಕಾಯಿತು. ಅಷ್ಟೆ. ಯಾರೂ ಅಂದಕ್ಕಾಗಿ ಕುಳಿತು ಗೆರೆ ಎಳೆಯಲಿಲ್ಲ. ವಿಲ್ಲಿಸ್ ವಂಶದವರು 1968ರಲ್ಲಿ ಆ ಮಾದರಿಯನ್ನು ಕೈಬಿಟ್ಟರು. ಆ ಮುಖ ಮಾತ್ರ ನಮ್ಮ ದೇಶದಲ್ಲಿ ದಶಕಗಟ್ಟಲೆ ಉಳಿಯಿತು.

ಈ ಸೀಮೆಯಲ್ಲಿ ಓಡಾಡಿದವರಿಗೆ ಇಂಥ ಸೊಗಸಿನ ಪರಿಚಯ ಬೇರೆ ದಾರಿಯಿಂದಲೂ ಉಂಟು. ಶಹಾಬಾದಿನ ಪರಸಿಯನ್ನು ನೀವು ನಿಮ್ಮ ಅಡುಗೆಮನೆಯಲ್ಲೋ ಹಿತ್ತಿಲಲ್ಲೋ ತುಳಿದೇ ಇರುತ್ತೀರಿ. ಅದು ನೆಲದೊಳಗೆ ಪದರ ಪದರವಾಗಿಯೇ ಮಲಗಿರುವ ಸುಣ್ಣದ ಕಲ್ಲು. ಪದರದ ಗುಂಟ ಎಬ್ಬಿದರೆ ಹಲಗೆಯಾಗಿ ಏಳುತ್ತದೆ. ಇಲ್ಲಿ ಅದೇ ನೆಲ, ಅದೇ ಗೋಡೆ, ಅದೇ ಮಾಳಿಗೆ. ನುಣುಪು ಮಾಡಿದರೆ ಹೊಳೆಯುತ್ತದೆ ನಿಜ, ಮಾಡದಿದ್ದರೂ ಕುಂದಿಲ್ಲ. ಹಳೆಯ ಜೀಪಿನ ಚಪ್ಪಟೆ ತಗಡೂ ಆ ಜಾತಿಯದು. ಡೊಂಕಾದರೆ ಊರ ಕಮ್ಮಾರನೇ ಬಡಿದು ನೆಟ್ಟಗೆ ಮಾಡುತ್ತಿದ್ದ.

ಹಾಗಾದರೆ ಮೂಲ ಜೀಪನ್ನೇ ಯಾಕೆ ಮೆಚ್ಚಬಾರದು? ಇಲ್ಲಿ ನನಗೊಂದು ತಕರಾರಿದೆ. ನಮ್ಮ ಹಳ್ಳಿಗಳ ಅನುಭವದಲ್ಲಿ ಆ ಜೀಪು ಸಾಹೇಬರ ಗಾಡಿ. ಊರಿಗೆ ಜೀಪು ಬಂತೆಂದರೆ ತಹಶೀಲ್ದಾರರು ಬಂದರು, ಫೌಜುದಾರರು ಬಂದರು, ಚಿಂಚೋಳಿಯ ಕಡೆ ಕಾಡಿನ ಅಧಿಕಾರಿಗಳು ಬಂದರು ಎಂದು ಅರ್ಥ. ಧೂಳು ಕಂಡ ಕೂಡಲೆ ಕಟ್ಟೆಯ ಮೇಲೆ ಕುಳಿತವರು ಎದ್ದು ನಿಲ್ಲುತ್ತಿದ್ದರು. ಐದು ವರ್ಷಕ್ಕೊಮ್ಮೆ ಬಾವುಟ ಕಟ್ಟಿಕೊಂಡು, ನೆತ್ತಿಯ ಮೇಲೆ ಧ್ವನಿವರ್ಧಕ ಹೊತ್ತು ಅದೇ ಜೀಪು ಕೈಮುಗಿಯುತ್ತ ಬರುವುದೂ ಇತ್ತು. ಇಂದು ಪೊಲೀಸರು ಬೊಲೇರೊದಲ್ಲಿ ಬಂದರೂ ಜನ “ಪೊಲೀಸ್ ಜೀಪು” ಎಂದೇ ಅನ್ನುತ್ತಾರೆ. ಯಾರ ವ್ಯಾಪಾರದ ಗುರುತೋ ಆಗಿರುವ ಒಂದು ಶಬ್ದ ಇಲ್ಲಿ ಅಧಿಕಾರದ ಪರ್ಯಾಯಪದವಾಗಿ ನಿಂತುಬಿಟ್ಟಿದೆ. 2023ರ ಏಪ್ರಿಲಿನಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಯಿತು. ಆ ಜಾತಿಯ ಕಾಯಂ ಸವಾರಿಗಳು ಹೀಗೆ ಒಂದು ಕಾಗದದಿಂದ ನಿವೃತ್ತವಾದವು.

ಕಮಾಂಡರ್ ಬಂದದ್ದು 1991ರಲ್ಲಿ. ಮುಖ ಜೀಪಿನದೇ, ಬೆನ್ನು ಮಾತ್ರ ಉದ್ದ. ಹಿಂದೆ ಎರಡು ಬೆಂಚುಗಳು, ಎದುರುಬದುರು. ಮೇಲೆ ತಗಡೋ ತಾಡಪತ್ರಿಯೋ. ಹಿಂಬಾಗಿಲಿನ ಹತ್ತಿರ ಕಾಲಿಡಲು ಒಂದು ಮೆಟ್ಟಿಲು. ಇದಕ್ಕಿಂತ ಕಡಿಮೆ ಮಾತಿನಲ್ಲಿ ಒಂದು ಗಾಡಿಯನ್ನು ವರ್ಣಿಸಲಾಗದು. ಆದರೆ ಜೀಪು ಸಾಹೇಬರ ಕೈಬಿಟ್ಟು ಜನರ ಕೈಗೆ ಬಂದದ್ದು ಈ ಎರಡು ಬೆಂಚುಗಳಿಂದ.

ಈ ಪ್ರಾಂತದ ನಕ್ಷೆಯನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಮುಂಬಯಿ–ಮದ್ರಾಸು ಹಾದಿಯಿಂದ ಹೈದರಾಬಾದಿನ ದಾರಿ ಕವಲೊಡೆಯುವುದು ವಾಡಿಯಲ್ಲಿ. ನಿಜಾಮರ ಕಾಲದಲ್ಲಿ, 1874ರಲ್ಲಿ, ಸಿಕಂದರಾಬಾದಿಗೆ ಹಾಕಿದ ಆ ಹಳಿ ಚಿತ್ತಾಪುರ, ಸೇಡಂಗಳನ್ನು ಮುಟ್ಟಿಕೊಂಡು ತಾಂಡೂರಿನ ಕಡೆ ಹೋಗುತ್ತದೆ. ಶಹಾಬಾದ್ ಮುಂಬಯಿ ಹಾದಿಯ ಮೇಲಿದೆ. ಚಿಂಚೋಳಿಗೆ ರೈಲೇ ಇಲ್ಲ. ರೈಲಿನಿಂದ ಇಳಿದವನಿಗೆ ಊರು ಇನ್ನೂ ಹತ್ತು ಹದಿನೈದು ಮೈಲಿ. ಬಸ್ಸು ಹೋಗಿಬಿಟ್ಟಿದೆ ಅಥವಾ ಬರುವುದೇ ಇಲ್ಲ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ಕಾಗಿಣಾ ಉಕ್ಕಿ ದಂಡೋತಿಯ ಸೇತುವೆ ಮುಳುಗಿತೆಂದರೆ ಸುತ್ತು ಹಾದಿಯೇ ಗತಿ. ರೈಲಿಗೂ ಬಸ್ಸಿಗೂ ಸಿಗದೆ ಉಳಿದ ಈ ಹತ್ತು ಹದಿನೈದು ಮೈಲಿಯನ್ನು ತುಂಬಿದ್ದು ಕಮಾಂಡರ್ ಜೀಪು.

“ಕಾಕಾ, ಜರಾ ಒಳಗ ಸರೀರಿ, ಇನ್ನಿಬ್ಬರು ಹಿಡಸ್ತಾರ” ಎಂಬ ಚಾಲಕನ ಕೂಗನ್ನು ಕೇಳದೆ ಈ ಸೀಮೆಯಲ್ಲಿ ಯಾರೂ ದೊಡ್ಡವರಾಗಿಲ್ಲ. ಕಾಕಾ ಸರಿಯುತ್ತಾನೆ, ಇಬ್ಬರಲ್ಲ, ನಾಲ್ವರು ಹಿಡಿಸುತ್ತಾರೆ. ಬಸ್ಸಿನಲ್ಲಿ ಕುಳಿತವನಿಗೆ ಕಾಣುವುದು ಮುಂದಿನವನ ಬೆನ್ನು. ಕಮಾಂಡರಿನಲ್ಲಿ ಹಾಗಲ್ಲ, ಮೊಣಕಾಲಿಗೆ ಮೊಣಕಾಲು ತಗಲುವಂತೆ ಎದುರಿಗೆ ಒಂದು ಮುಖ ಇದ್ದೇ ಇರುತ್ತದೆ, ಆ ಮುಖವನ್ನು ನೋಡದೆ ಇರಲು ಸಾಧ್ಯವಿಲ್ಲ, ನೋಡಿದ ಮೇಲೆ ಮಾತಾಡದೆ ಇರಲು ಸಾಧ್ಯವಿಲ್ಲ. ತೊಗರಿಯ ಧಾರಣೆ, ಸಿಮೆಂಟು ಕಾರ್ಖಾನೆಯ ಪಾಳಿ, ಹೆಣ್ಣು ನೋಡಲು ಹೊರಟವರ ಗುಟ್ಟು, ದವಾಖಾನೆಯಿಂದ ಮರಳುವವರ ಮೌನ, ಎಲ್ಲವೂ ಆ ಎರಡು ಬೆಂಚಿನ ನಡುವೆ ಹಾಯ್ದುಹೋಗುತ್ತಿದ್ದವು. ಕನ್ನಡ, ಉರ್ದು, ತೆಲುಗು, ಲಂಬಾಣಿ—ನಾಲ್ಕು ಮಾತುಗಳ ಸಂತೆ. ತಾಂಡೆಯಿಂದ ಬಂದ ಹೆಂಗಸಿನ ಎದುರಿಗೆ ಊರ ಗೌಡರು ಕುಳಿತದ್ದನ್ನು ನಾನು ಮೊದಲು ಕಂಡದ್ದು ಕಮಾಂಡರಿನಲ್ಲೇ. ಗೌಡರಿಗೆ ಅದು ಇಷ್ಟವಿತ್ತೆಂದು ಹೇಳಲಾರೆ. ಆದರೆ ಗಾಡಿಯ ರಚನೆಯಲ್ಲಿ ಬೇರೆ ದಾರಿಯಿರಲಿಲ್ಲ.

ಸೇಡಂ ತಾಲ್ಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ. ಕನ್ನಡದಲ್ಲಿ ನಮಗೆ ದೊರೆತ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಆ ರಾಷ್ಟ್ರಕೂಟರ ಆಸ್ಥಾನದಲ್ಲಿ. ಅದು ಅಲಂಕಾರಗಳನ್ನು ಹೇಳುವಷ್ಟೇ ಮುತುವರ್ಜಿಯಿಂದ ದೋಷಗಳನ್ನೂ ಹೇಳುತ್ತದೆ. ಅಂಥ ನೆಲದಲ್ಲಿ ನಿಂತು ಬರಿಯ ಗುಣಗಾನ ಮಾಡಿದರೆ ಒಪ್ಪುವುದಿಲ್ಲ. ಕಮಾಂಡರಿನ ದೋಷ ಸಣ್ಣದಲ್ಲ. ಪಕ್ಕಕ್ಕೆ ಮುಖಮಾಡಿ ಕುಳಿತವನಿಗೆ ಹಿಡಿಯಲು ಒಂದು ಸಲಾಕೆಯ ಹೊರತು ಬೇರೆ ಆಸರೆಯಿಲ್ಲ. ಗಾಡಿ ಥಟ್ಟನೆ ನಿಂತರೆ ಬೆಂಚಿಗೆ ಬೆಂಚೇ ಮುಂದಕ್ಕೆ ಜಾರುತ್ತದೆ. ಮೆಟ್ಟಿಲ ಮೇಲೆ ನಾಲ್ವರು ಜೋತುಬಿದ್ದು, ಮಾಳಿಗೆಯ ಮೇಲೆ ಮತ್ತಷ್ಟು ಜನ ಕುಳಿತು, ಎದುರಿನಿಂದ ಪರಸಿ ಹೇರಿದ ಲಾರಿ ಬಂದಾಗ ಏನಾಗಬಹುದೋ ಅದು ಆಗಿದೆ. ಹತ್ತು ಮನೆಯವರಲ್ಲಿ ಒಂದು ಮನೆಯವರಾದರೂ ಅಂಥ ಒಂದು ಸುದ್ದಿಯನ್ನು ಬಲ್ಲರು. ಇಂದು ನನ್ನ ಮೊಮ್ಮಗಳನ್ನು ಆ ಬೆಂಚಿನ ಮೇಲೆ ಕೂರಿಸಿ ಕಳಿಸೆಂದರೆ ಕಳಿಸಲಾರೆ.

ಉಳಿದವರ ಮಾತನ್ನು ಬೇಗ ಮುಗಿಸುತ್ತೇನೆ. 1993ರ ಆರ್ಮಡಾ ಜೀಪಿಗೆ ಕೋಟು ತೊಡಿಸುವ ಪ್ರಯತ್ನ. ಕೋಟು ಮೈಗೆ ಹೊಂದಲಿಲ್ಲ. 2002ರ ಸ್ಕಾರ್ಪಿಯೊ ಕಂಪನಿಯ ಕೀರ್ತಿಯನ್ನು ಹೊರದೇಶಗಳಿಗೆ ಒಯ್ದ ಗಾಡಿ, ಅದನ್ನು ಅಲ್ಲಗಳೆಯಲಾರೆ. ಆದರೆ ಹಿಂದಿನಿಂದ ಬೆಳಕು ಹಾಯಿಸಿ “ಸರಿ” ಎನ್ನುವ ಅದರ ಒಡೆಯರ ರೀತಿ ನನಗೆ ಹಳೆಯ ಸಾಹೇಬರ ಜೀಪನ್ನೇ ನೆನಪಿಗೆ ತರುತ್ತದೆ. ಬೊಲೇರೊ ಹಾಗಲ್ಲ. 2000ದಲ್ಲಿ ಬಂದದ್ದು, ನಡುವೆ 2016ರಲ್ಲಿ ತೆರಿಗೆಯ ಲೆಕ್ಕಕ್ಕಾಗಿ ನಾಲ್ಕು ಮೀಟರಿನೊಳಕ್ಕೆ ತನ್ನ ಉದ್ದವನ್ನು ತಗ್ಗಿಸಿಕೊಂಡ ಅವತಾರವನ್ನೂ ಎತ್ತಿತು, ಆದರೂ ಪೆಟ್ಟಿಗೆಯಂಥ ಆ ಮೈಕಟ್ಟನ್ನು ಬಿಡಲಿಲ್ಲ. ಅದರ ಹಿಂಬದಿಯಲ್ಲಿ ಎದುರುಬದುರಾಗಿ ಎರಡು ಪುಟ್ಟ ಆಸನಗಳು ಈಗಲೂ ಉಂಟೆಂಬುದನ್ನು ಬಹಳ ಜನ ಗಮನಿಸಿಲ್ಲ. ಮಕ್ಕಳು ಅಲ್ಲಿಯೇ ಕೂರುತ್ತೇವೆಂದು ಹಟ ಹಿಡಿಯುತ್ತಾರೆ. ಕಮಾಂಡರ್ ಇಲ್ಲದಿದ್ದರೆ ನನ್ನ ಮತ ಬೊಲೇರೊಗೆ ಬೀಳುತ್ತಿತ್ತು.

ಇನ್ನು ಥಾರ್. 2010ರಲ್ಲಿ ಬಂದ ಮೊದಲನೆಯದು ಹಳೆಯ ಜೀಪಿನ ನೇರ ಸಂತಾನ. 2020ರ ಅಕ್ಟೋಬರ್ 2ರಂದು ಮಾರಾಟಕ್ಕೆ ಬಂದ ಎರಡನೆಯದು ಬೇರೆಯೇ ಗಾಡಿ: ಒಳಗೆ ತಂಪು ಗಾಳಿ, 130 ಅಶ್ವಶಕ್ತಿಯ ಡೀಸೆಲ್, 150ರ ಪೆಟ್ರೋಲ್. ಹುಡುಗರು ಅದನ್ನು ಮೆಚ್ಚುವುದರಲ್ಲಿ ತಪ್ಪಿಲ್ಲ. ಬಿಸಿಲಿಗೆ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ನಿಂತರೆ ಅದು ಚೆಲುವಾಗಿಯೇ ಕಾಣುತ್ತದೆ. ನನ್ನ ಕುತೂಹಲ ಬೇರೆ ಕಡೆ. ಮೊದಲು ಅದರ ಅಗ್ಗದ ಮಾದರಿಯೊಂದರಲ್ಲಿ ಹಿಂದೆ ಪಕ್ಕಮುಖದ ಬೆಂಚುಗಳಿದ್ದವು, ಆರು ಜನಕ್ಕೆ. ಕೆಲವೇ ವಾರಗಳಲ್ಲಿ ಆ ಮಾದರಿಯ ಮಾರಾಟ ನಿಂತಿತು. ಅದೇ ವರ್ಷದ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಗಳಿಸಿದ ಥಾರಿನಲ್ಲಿ ಎಲ್ಲರೂ ಮುಂದಕ್ಕೆ ಮುಖಮಾಡಿ ಪಟ್ಟಿ ಕಟ್ಟಿಕೊಂಡು ಕೂರುತ್ತಾರೆ. 2024ರ ಐದು ಬಾಗಿಲಿನ ರಾಕ್ಸ್‌ನಲ್ಲಿಯೂ ಹಾಗೆಯೇ. ಸುರಕ್ಷತೆಯ ದೃಷ್ಟಿಯಿಂದ ಇದು ಸರಿ, ನೂರಕ್ಕೆ ನೂರು ಸರಿ. ಹಾಗಿದ್ದರೂ ವಿಮರ್ಶಕನಾಗಿ ಒಂದು ಮಾತು ಹೇಳಬೇಕು: ಜೀಪಿನ ಮುಖವನ್ನು ಉಳಿಸಿಕೊಂಡು ಅದರ ಬೆಂಚನ್ನು ಕೈಬಿಟ್ಟಾಗ ಉಳಿದ ಮುಖ ಅಲಂಕಾರವಾಗುತ್ತದೆ. ಎಂಜಿನ್ನಿನ ಎತ್ತರಕ್ಕಾಗಿ ಬಾನೆಟ್ಟು ಎತ್ತರವಾದ ಗಾಡಿ ಒಂದು, ಎತ್ತರವಾಗಿ ಕಾಣಲೆಂದೇ ಎತ್ತರವಾದ ಗಾಡಿ ಮತ್ತೊಂದು. ಅಮೆರಿಕದಲ್ಲಿ ಇದೇ ಮುಖದ ರಾಕ್ಸರ್ ಎಂಬ ಗಾಡಿಯ ಮೇಲೆ ಜೀಪಿನ ಹಕ್ಕುದಾರರು ದಾವೆ ಹೂಡಿ, 2020ರಲ್ಲಿ ಕಂಪನಿ ಆ ಮುಖವನ್ನೇ ಬದಲಿಸಬೇಕಾಗಿ ಬಂದದ್ದನ್ನು ಇಲ್ಲಿ ನೆನೆಯಬಹುದು. ಅಲ್ಲಿ ಯಾರೂ ಬೆಂಚಿನ ಮೇಲೆ ಹಕ್ಕು ಸಾಧಿಸಲಿಲ್ಲ.

ಕಮಾಂಡರಿನ ವಾರಸುದಾರ ಯಾರು ಎಂದು ಕೇಳಿದರೆ ನಾನು ಟಂಟಂ ಕಡೆ ಕೈ ತೋರಿಸುತ್ತೇನೆ. ಮೂರು ಗಾಲಿಯ ಆ ಗಾಡಿಗಳಲ್ಲಿ ಮಹೀಂದ್ರದ ಆಲ್ಫಾವೂ ಒಂದು. ಚಿಂಚೋಳಿಯಿಂದ ಗಡಿ ದಾಟಿದರೆ ಸಿಗುವ ಜಹೀರಾಬಾದಿನಲ್ಲಿ ಕಂಪನಿಯ ಕಾರ್ಖಾನೆಯೇ ಇದೆ. ಕ್ರೂಸರ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದು ಬೇರೆ ಕಂಪನಿಯದು. ಅದರ ಮಾತು ಇಲ್ಲಿ ಸಲ್ಲದು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದೆ ಪ್ರಯಾಣ ಬಂದಮೇಲೆ, ಬಸ್ಸು ಇರುವ ದಾರಿಗಳಲ್ಲಿ ಈ ಬೆಂಚುಗಳ ಒಂದು ಭಾಗ ಖಾಲಿಯಾದಂತೆ ನನಗೆ ಕಾಣುತ್ತದೆ. ಬಸ್ಸು ಇಲ್ಲದ ದಾರಿಗಳಲ್ಲಿ ಕೂಗು ಹಾಗೆಯೇ ಇದೆ; ಕಾಕಾ ಇನ್ನೂ ಒಳಗೆ ಸರಿಯುತ್ತಲೇ ಇದ್ದಾನೆ.